ಸೊಫೊಕ್ಲಿಸ್‌ನ ಏಳು ನಾಟಕ: ಯಾವುದರಿಂದ ಶುರು ಮಾಡೋದು?

"ಗ್ರೀಕ್ ನಾಟಕ ಓದೋಣ ಅಂತಿದ್ದೀನಿ. ಸೊಫೊಕ್ಲಿಸ್‌ನಿಂದ ಶುರು ಮಾಡ್ತೀನಿ. ಏಳರಲ್ಲಿ ಯಾವುದು ಮೊದಲು?" ವರ್ಷಕ್ಕೆ ನಾಲ್ಕೈದು ಜನರಾದರೂ ನನ್ನ ಹತ್ತಿರ ಹೀಗೆ ಕೇಳುತ್ತಾರೆ. ಕೇಳುವ ಕಾರಣ ಒಬ್ಬೊಬ್ಬರದು ಒಂದೊಂದು. ಒಬ್ಬರಿಗೆ ಕಾಲೇಜಿನ ಹುಡುಗರ ಕೈಲಿ ನಾಟಕ ಆಡಿಸಬೇಕು. ಇನ್ನೊಬ್ಬರು ರಿಟೈರ್ ಆಗಿದ್ದಾರೆ, ಇಷ್ಟು ವರ್ಷ ಮುಂದೂಡಿದ್ದನ್ನೆಲ್ಲ ಈಗ ಓದುತ್ತಿದ್ದಾರೆ. ಮತ್ತೊಬ್ಬರಿಗೆ ಪರೀಕ್ಷೆ ಇದೆ, ಅಷ್ಟೇ. ಎಲ್ಲರಿಗೂ ಅದಾಗಲೇ ಯಾರೋ ಒಂದೇ ಉತ್ತರ ಕೊಟ್ಟು ಕಳಿಸಿರುತ್ತಾರೆ: "ಈಡಿಪಸ್ ಓದಿ, ಸಾಕು."

ಈಡಿಪಸ್ ಓದಬೇಕು, ಅದರಲ್ಲಿ ತಕರಾರಿಲ್ಲ. ಅದನ್ನೇ ಮೊದಲು ಓದಬೇಕು ಅನ್ನೋದು ಮಾತ್ರ ನನಗೆ ಅಷ್ಟಾಗಿ ಒಪ್ಪಿಗೆ ಇಲ್ಲ. ಅಪ್ಪನನ್ನು ಕೊಂದು ಅಮ್ಮನನ್ನು ಮದುವೆಯಾದವನ ಕತೆ ಅಂತ ಎಲ್ಲರಿಗೂ ಗೊತ್ತು. ಈ ಕತೆಯ ಹೆಸರನ್ನು ಮನಶ್ಶಾಸ್ತ್ರಕ್ಕೆ ತಂದ ಫ್ರಾಯ್ಡ್ ಹೆಸರೂ ಕಿವಿಗೆ ಬಿದ್ದಿರುತ್ತದೆ. ಹಾಗಾಗಿ ಓದುವವರು ನಾಟಕ ಓದೋದಿಲ್ಲ, ಗೊತ್ತಿರೋದನ್ನು ಸರಿಯಾಗಿದೆಯಾ ಅಂತ ಚೆಕ್ ಮಾಡುತ್ತಾ ಹೋಗುತ್ತಾರೆ. ಮುಗಿಸಿ "ಓಹೋ, ಹೌದು" ಅಂತ ಪುಸ್ತಕ ಮುಚ್ಚಿಡುತ್ತಾರೆ. ಆಮೇಲೆ ಉಳಿದ ಆರರ ಕಡೆ ತಿರುಗಿ ನೋಡೋದೇ ಇಲ್ಲ. ನಾನೂ ಹಾಗೇ ಮಾಡಿದವನು, ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಮನುಷ್ಯನ ಬಗ್ಗೆ ಒಂದಿಷ್ಟು. ಆಯ್ಕೆಗೆ ಅದೂ ಬೇಕಾಗುತ್ತದೆ.

ಸೊಫೊಕ್ಲಿಸ್ ಹುಟ್ಟಿದ್ದು ಕ್ರಿ.ಪೂ. 496ರ ಆಸುಪಾಸು, ಅಥೆನ್ಸಿನ ಪಕ್ಕದ ಕೊಲೊನಸ್ ಎಂಬ ಊರಲ್ಲಿ. ಅಪ್ಪ ಸೊಫಿಲಸ್‌ಗೆ ಆಯುಧ ತಯಾರಿಸುವ ಕಾರ್ಖಾನೆ ಇತ್ತಂತೆ, ಅನುಕೂಲಸ್ಥರ ಮನೆ. ಕ್ರಿ.ಪೂ. 480ರಲ್ಲಿ ಸಲಾಮಿಸ್ ಕಡಲಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದರು. ಆ ಗೆಲುವಿನ ಹಾಡನ್ನು ಮುಂದೆ ನಿಂತು ಹಾಡಿಸಿದ ಹುಡುಗ ಇವನೇ ಎಂದು ಹಳೆಯ ಜೀವನಚರಿತ್ರೆ ಹೇಳುತ್ತದೆ. 468ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಹಿರಿಯ ನಾಟಕಕಾರ ಈಸ್ಕಿಲಸ್‌ನನ್ನು ನಾಟಕ ಸ್ಪರ್ಧೆಯಲ್ಲಿ ಸೋಲಿಸಿದ. ಅಥೆನ್ಸಿನ ದೊಡ್ಡ ಡಯೊನೈಸಸ್ ಹಬ್ಬದಲ್ಲಿ 18 ಸಲ ಗೆದ್ದ. ಸ್ಪರ್ಧಿಸೋದು ಮೂರು ಜನ. ಇವನು ಮೂರನೇ ಸ್ಥಾನಕ್ಕೆ ಒಂದು ಸಲವೂ ಇಳಿಯಲಿಲ್ಲವಂತೆ.

ಬರೀ ನಾಟಕ ಬರೆದುಕೊಂಡು ಕೂತವನಲ್ಲ. ಅಥೆನ್ಸಿನ ಒಕ್ಕೂಟದ ಖಜಾನೆ ನೋಡಿಕೊಂಡಿದ್ದ. 441ರ ಹೊತ್ತಿಗೆ ಅಥೆನ್ಸಿನ ನಾಯಕ ಪೆರಿಕ್ಲಿಸ್ ಜೊತೆ ಸೇನಾಧಿಪತಿಯಾಗಿ ಸಾಮೋಸ್ ದ್ವೀಪದ ಯುದ್ಧಕ್ಕೆ ಹೋದ. ಸಿಸಿಲಿಯಲ್ಲಿ ಅಥೆನ್ಸಿನ ಸೇನೆ ಪೂರ್ತಿ ಮುಳುಗಿದ ಮೇಲೆ, 413ರಲ್ಲಿ, ಊರನ್ನು ಸಂಭಾಳಿಸಲು ಆರಿಸಿದ ಹತ್ತು ಹಿರಿಯರಲ್ಲಿ ಇವನೂ ಒಬ್ಬ. ಆಗ ವಯಸ್ಸು ಎಂಬತ್ತು ದಾಟಿತ್ತು. ಇನ್ನೊಬ್ಬ ನಾಟಕಕಾರ ಯುರಿಪಿಡೀಸ್ ಸತ್ತ ಸುದ್ದಿ ಬಂದಾಗ, ನಾಟಕದ ನಡುವೆ ಹಾಡುವ ತನ್ನ ಮೇಳವನ್ನು ಹೂಮಾಲೆ ಇಲ್ಲದೆ ವೇದಿಕೆಗೆ ತಂದನಂತೆ, ತಾನು ಶೋಕದ ಬಟ್ಟೆ ಉಟ್ಟನಂತೆ. ಕೆಲವೇ ತಿಂಗಳಲ್ಲಿ, ಸುಮಾರು 406ರಲ್ಲಿ, ತಾನೂ ಹೋದ. ತೊಂಬತ್ತು ವರ್ಷದ ತುಂಬು ಬಾಳು.

ಬರೆದದ್ದು 120ಕ್ಕೂ ಜಾಸ್ತಿ ನಾಟಕ. ಪೂರ್ತಿಯಾಗಿ ಉಳಿದಿರೋದು ಏಳು. ಈಜಿಪ್ಟಿನ ದೊರೆ ಮೂರನೇ ಟಾಲೆಮಿ ಈಸ್ಕಿಲಸ್, ಸೊಫೊಕ್ಲಿಸ್, ಯುರಿಪಿಡೀಸ್ ಈ ಮೂವರು ದುರಂತ ನಾಟಕಕಾರರ ಅಧಿಕೃತ ಪ್ರತಿಗಳನ್ನು ನಕಲು ಮಾಡಿಸಿಕೊಳ್ಳಲು ಅಥೆನ್ಸಿನಿಂದ ಎರವಲು ತರಿಸಿದನಂತೆ. ಠೇವಣಿ 15 ಟ್ಯಾಲೆಂಟ್ (ಆ ಕಾಲದ ತೂಕದ ಲೆಕ್ಕ) ಬೆಳ್ಳಿ. ಆಮೇಲೆ ಠೇವಣಿ ಹೋದರೆ ಹೋಗಲಿ ಅಂತ ಮೂಲವನ್ನು ತಾನೇ ಇಟ್ಟುಕೊಂಡು ನಕಲನ್ನು ವಾಪಸ್ ಕಳಿಸಿದನಂತೆ. ಪುಸ್ತಕ ಎರವಲು ಕೊಟ್ಟು ಕಳಕೊಂಡ ಎಲ್ಲರಿಗೂ ಈ ಕತೆ ಅರ್ಥವಾಗುತ್ತದೆ. ಕೊನೆಗೆ ಅವನ ರಾಜಧಾನಿ ಅಲೆಕ್ಸಾಂಡ್ರಿಯಾದ ಪ್ರತಿಯೂ ಉಳಿಯಲಿಲ್ಲ. ಈ ಏಳನ್ನು ಉಳಿಸಿದ್ದು ಶಾಲೆಯ ಮೇಷ್ಟರುಗಳು ಮತ್ತು ಬೈಜಾಂಟಿಯಮ್‌ನ ಲಿಪಿಕಾರರು. ಹತ್ತನೇ ಶತಮಾನದ ಒಂದು ಕೈಬರಹದ ಪ್ರತಿ ಇವತ್ತಿಗೂ ಫ್ಲಾರೆನ್ಸಿನ ಲೈಬ್ರರಿಯಲ್ಲಿದೆ.

ಹಾಗಾದರೆ ಆರಿಸೋದು ಹೇಗೆ? ನಾನು ನಾಲ್ಕು ವಿಷಯ ಕೇಳುತ್ತೇನೆ.

ಒಂದು, ಒಬ್ಬರೇ ಓದುತ್ತೀರಾ, ನಾಲ್ಕು ಜನ ಸೇರಿ ಗಟ್ಟಿಯಾಗಿ ಓದುತ್ತೀರಾ, ಅಥವಾ ಆಡಿಸುತ್ತೀರಾ? ಒಬ್ಬರಿಗೆ ಹಿಡಿಸುವ ನಾಟಕ ಗುಂಪಿನಲ್ಲಿ ಸಪ್ಪೆಯಾಗಬಹುದು. ಎರಡು, ಹಿನ್ನೆಲೆ ಎಷ್ಟು ಬೇಕು? ಕೆಲವು ನಾಟಕಕ್ಕೆ ಎರಡು ಸಾಲಿನ ಪೀಠಿಕೆ ಸಾಕು. ಕೆಲವಕ್ಕೆ ಅರ್ಧ ಟ್ರಾಯ್ ಯುದ್ಧ ಗೊತ್ತಿರಬೇಕು. ಮೂರು, ಭಾಷೆ ಮತ್ತು ದುಡ್ಡು. ಕನ್ನಡದಲ್ಲಿ ಸಿಗುತ್ತದಾ, ಇಂಗ್ಲಿಷಿನಲ್ಲಾದರೆ ಯಾವ ಅನುವಾದ, ಪುಕ್ಕಟೆಯಾ, ಖರೀದಿಯಾ? ನಾಲ್ಕನೆಯದು ನಾನೇ ಸೇರಿಸಿಕೊಂಡದ್ದು. ಈಗ ನಿಮ್ಮ ಮನಸ್ಸಿನ ಸ್ಥಿತಿ ಹೇಗಿದೆ, ಮತ್ತು ಯಾರ ಹಠದ ಜೊತೆ ಎರಡು ಗಂಟೆ ಕೂರೋಕೆ ನಿಮಗೆ ತಾಳ್ಮೆ ಇದೆ?

ಹಠ ಅಂದದ್ದಕ್ಕೆ ಕಾರಣ ಇದೆ. ಸೊಫೊಕ್ಲಿಸ್‌ನ ನಾಟಕ ಅಂದರೆ ಒಬ್ಬ ಹಠಮಾರಿ, ಅವನ ಸುತ್ತ ಬುದ್ಧಿ ಹೇಳುವ ಒಂದಿಷ್ಟು ಒಳ್ಳೆಯ ಜನ. "ಸ್ವಲ್ಪ ಬಗ್ಗು ಮಾರಾಯಾ" ಅಂತ ಒಬ್ಬರಾದ ಮೇಲೊಬ್ಬರು ಬಂದು ಹೇಳುತ್ತಾರೆ. ಅವನು ಬಗ್ಗೋದಿಲ್ಲ. ಬುದ್ಧಿ ಹೇಳಿದವರ ಮಾತು ಪೂರ್ತಿ ಸರಿ, ಹಠ ಹಿಡಿದವನೂ ತಪ್ಪಲ್ಲ. ನಮ್ಮೆಲ್ಲರ ಮನೆಯಲ್ಲೂ ಇಂಥವರೊಬ್ಬರು ಇರುತ್ತಾರೆ ಅಲ್ವಾ? ಅವರನ್ನು ನೆನಪು ಮಾಡಿಕೊಂಡು ನಾಟಕ ಆರಿಸಿ.

ಉದ್ದದ ಚಿಂತೆ ಬೇಡ. ಅತಿ ಚಿಕ್ಕದು 1,278 ಸಾಲು, ಅತಿ ದೊಡ್ಡದು 1,779. ಗಟ್ಟಿಯಾಗಿ ಓದಿದರೂ ಎರಡು, ಎರಡೂವರೆ ಗಂಟೆಯ ಕೆಲಸ. ಒಂದು ಸಿನಿಮಾದಷ್ಟು.

ಗುಂಪಿಗೆ: ಅಂತಿಗೊನೆ

ನಾಲ್ಕೈದು ಜನ ಸೇರಿ ಓದೋದಾದರೆ ಯೋಚನೆಯೇ ಬೇಡ, ಇದನ್ನೇ ಹಿಡಿಯಿರಿ. ಪೀಠಿಕೆ ಎರಡೇ ಸಾಲು: ಅಣ್ಣತಮ್ಮಂದಿರು ಥೀಬ್ಸ್ ರಾಜ್ಯಕ್ಕಾಗಿ ಹೊಡೆದಾಡಿ ಇಬ್ಬರೂ ಸತ್ತಿದ್ದಾರೆ. ಹೊಸ ದೊರೆ ಕ್ರಿಯಾನ್ ಒಬ್ಬನಿಗೆ ಮರ್ಯಾದೆಯ ಸಂಸ್ಕಾರ ಮಾಡಿಸಿ, ಇನ್ನೊಬ್ಬನ ಹೆಣ ನಾಯಿ ನರಿಗೆ ಬಿಡಿ ಅಂದಿದ್ದಾನೆ. ತಂಗಿ ಅಂತಿಗೊನೆ ಮಣ್ಣು ಹಾಕುತ್ತಾಳೆ. ಅಷ್ಟೇ ಕತೆ. ಉಳಿದದ್ದೆಲ್ಲ ವಾದ.

ಗೆಳೆಯರೊಬ್ಬರ ಮನೆ ಮಹಡಿಯಲ್ಲಿ ಐದು ಜನ ಕೂತು ಇದನ್ನು ಓದಿದ್ದೆವು. ಕ್ರಿಯಾನ್ ಪಾತ್ರ ಯಾರಿಗೂ ಬೇಕಿರಲಿಲ್ಲ, ಖಳನಾಯಕ ಅಂತ. ಕೊನೆಗೆ ಒಬ್ಬರ ತಲೆಗೆ ಕಟ್ಟಿದೆವು. ಅರ್ಧ ಗಂಟೆಯಲ್ಲಿ ಆ ಮನುಷ್ಯ "ನಾನು ಹೇಳ್ತಿರೋದು ಸರಿಯಾಗೇ ಇದೆ, ಊರು ಉಳೀಬೇಕಲ್ಲ" ಅಂತ ಪುಸ್ತಕ ಬಿಟ್ಟು ನಮ್ಮ ಮೇಲೇ ಜಗಳಕ್ಕೆ ಬಂದ. ನಾಟಕದ ತಾಕತ್ತು ಇರೋದು ಅಲ್ಲೇ. ಹೆಸರು ಅಂತಿಗೊನೆಯದು, ಆದರೆ ಕ್ರಿಯಾನ್‌ಗೇ ಅವಳಿಗಿಂತ ಜಾಸ್ತಿ ಮಾತು. ನಾಟಕದ ಕಾಲು ಭಾಗಕ್ಕೂ ಹೆಚ್ಚು ಬಾಕಿ ಇರುವಾಗಲೇ ಅವಳು ಹೊರಟು ಹೋಗುತ್ತಾಳೆ. ಆಮೇಲೆ ಒಡೆದು ಚೂರಾಗುವವನು ಇವನು.

ನಗುವಿಗೂ ಜಾಗ ಇದೆ. ಹೆಣಕ್ಕೆ ಯಾರೋ ಮಣ್ಣು ಹಾಕಿದ್ದಾರೆ ಅಂತ ದೊರೆಗೆ ಹೇಳಲು ಬರುವ ಕಾವಲುಗಾರ ಇದ್ದಾನಲ್ಲ, ಅವನು ಬಂದವನೇ ಸುದ್ದಿ ಹೇಳೋದಿಲ್ಲ. ಓಡಿ ಬಂದೆ ಅನ್ನೋ ಹಾಗಿಲ್ಲ ಸ್ವಾಮಿ, ದಾರಿಯಲ್ಲಿ ಎಷ್ಟೋ ಸಲ ನಿಂತೆ, ವಾಪಸ್ ತಿರುಗಿದೆ, ಹತ್ತಿರದ ದಾರಿಯೇ ದೂರ ಆಗೋಯ್ತು ಅಂತ ರಾಗ ಎಳೆಯುತ್ತಾನೆ. ಮೇಲಧಿಕಾರಿಗೆ ಕೆಟ್ಟ ಸುದ್ದಿ ತಿಳಿಸಬೇಕಾದ ಯಾವ ಗುಮಾಸ್ತನನ್ನಾದರೂ ಕೇಳಿ.

ಆಡಿಸುವವರಿಗೂ ಇದೇ ಸುಲಭ. ಸೆಟ್ ಅಂದರೆ ಅರಮನೆಯ ಒಂದು ಬಾಗಿಲು. ಅದಿಲ್ಲದಿದ್ದರೂ ನಡೆಯುತ್ತದೆ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಕೈದಿಗಳು ಇದನ್ನು ಆಡಿದ್ದರು. ನೆಲ್ಸನ್ ಮಂಡೇಲಾ ಅದರಲ್ಲಿ ಕ್ರಿಯಾನ್ ಆಗಿದ್ದರು, ಅಂತಿಗೊನೆ ಅಲ್ಲ. ಕನ್ನಡದಲ್ಲಿ ಪಿ. ಲಂಕೇಶರ ಅನುವಾದ ಇದೆ. ತೊಡಕು ಒಂದೇ, ಮೇಳದ ಹಾಡುಗಳು. ಓದುವಾಗ ಅವು ಭಾರ ಅನ್ನಿಸಿದರೆ ಮೊದಲ ಓದಿಗೆ ಹಾರಿಸಿಬಿಡಿ. ಮನುಷ್ಯನಷ್ಟು ವಿಚಿತ್ರವಾದದ್ದು ಲೋಕದಲ್ಲಿ ಬೇರೆ ಇಲ್ಲ ಅನ್ನುವ ಹಾಡೊಂದನ್ನು ಮಾತ್ರ ಬಿಡಬೇಡಿ. ಕಡಲು ದಾಟುತ್ತಾನೆ, ನೆಲ ಉಳುತ್ತಾನೆ, ಕಾಯಿಲೆಗೆ ಮದ್ದು ಕಂಡುಕೊಳ್ಳುತ್ತಾನೆ, ಸಾವಿನ ಹತ್ತಿರ ಮಾತ್ರ ಅವನ ಆಟ ನಡೆಯೋದಿಲ್ಲ.

ಒಬ್ಬರೇ ಓದೋದಾದರೆ: ಫಿಲೊಕ್ಟೆಟಿಸ್

ಇದು ನನ್ನ ಪಕ್ಷಪಾತ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕ್ರಿ.ಪೂ. 409ರಲ್ಲಿ ಮೊದಲ ಬಹುಮಾನ ಗೆದ್ದ ನಾಟಕ. ಬರೆದವನಿಗೆ ಎಂಬತ್ತೈದು ದಾಟಿತ್ತು. ಆ ವಯಸ್ಸಿನಲ್ಲಿ ಇಷ್ಟು ಬಿಗಿಯಾಗಿ ಬರೆಯೋದು ಹೇಗೆ ಅಂತ ಪ್ರತಿ ಸಲ ಆಶ್ಚರ್ಯವಾಗುತ್ತದೆ.

ಟ್ರಾಯ್ ಯುದ್ಧಕ್ಕೆ ಹೊರಟ ಫಿಲೊಕ್ಟೆಟಿಸ್‌ನ ಕಾಲಿಗೆ ಹಾವು ಕಚ್ಚುತ್ತದೆ. ಗಾಯ ಕೊಳೆತು ನಾರುತ್ತದೆ, ಅವನ ಕಿರುಚಾಟದಿಂದ ಪೂಜೆಯೂ ಸರಿಯಾಗಿ ನಡೆಯೋದಿಲ್ಲ. ಅದಕ್ಕೆ ಗೆಳೆಯರೇ ಅವನನ್ನು ಲೆಮ್ನೋಸ್ ದ್ವೀಪದಲ್ಲಿ, ನಿದ್ದೆಯಲ್ಲಿರುವಾಗ, ಬಿಟ್ಟು ಹೋಗುತ್ತಾರೆ. ಹತ್ತನೇ ವರ್ಷದಲ್ಲಿ ಭವಿಷ್ಯವಾಣಿ ಬರುತ್ತದೆ: ಅವನ ಕೈಯಲ್ಲಿರುವ ಹೆರಾಕ್ಲಿಸ್‌ನ ಬಿಲ್ಲು ಬಾರದೆ ಟ್ರಾಯ್ ಬೀಳೋದಿಲ್ಲ. ಈಗ ಬಿಟ್ಟು ಹೋದವರಿಗೇ ಅವನು ಬೇಕು! ಒಡಿಸ್ಸಿಯಸ್ ಒಬ್ಬ ಹುಡುಗನನ್ನು, ಅಕಿಲಿಸ್‌ನ ಮಗ ನಿಯೊಪ್ಟೊಲೆಮಸ್‌ನನ್ನು, ಮೋಸ ಮಾಡಿ ಬಿಲ್ಲು ತರಲು ಕಳಿಸುತ್ತಾನೆ.

ಫಿಲೊಕ್ಟೆಟಿಸ್ ಆ ಹುಡುಗನನ್ನು ನೋಡಿದಾಗ ಮೊದಲು ಕೇಳೋದು ಊಟ ಅಲ್ಲ, ಔಷಧಿ ಅಲ್ಲ. ಮಾತಾಡಿ, ನಿಮ್ಮ ದನಿ ಕೇಳಿಸಿ ಅನ್ನುತ್ತಾನೆ. ಗ್ರೀಕ್ ಮಾತು ಕಿವಿಗೆ ಬಿದ್ದ ಕೂಡಲೇ, ಆಹಾ ಎಷ್ಟು ಇಷ್ಟದ ಸದ್ದು ಅಂತ ಕರಗಿಹೋಗುತ್ತಾನೆ. ಹೊರದೇಶದ ಯಾವುದೋ ಏರ್‌ಪೋರ್ಟಿನಲ್ಲಿ ಹಿಂದಿನ ಸೀಟಿನಿಂದ "ಏನ್ರೀ, ಬ್ಯಾಗ್ ತಗೊಂಡ್ರಾ" ಅಂತ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಡುವೆ ಅವನಿಗೆ ನೋವು ಕೆರಳುತ್ತದೆ. ಗ್ರೀಕಿನಲ್ಲಿ ಆ ಜಾಗದಲ್ಲಿ ಮಾತೇ ಇಲ್ಲ, ಪೂರ್ತಿ ಕೂಗು: "ಪಪಾಯ್, ಅಪಪ್ಪಪಾಯ್..." ಇಂಗ್ಲಿಷಿನವರು ಇಲ್ಲಿ "ಓ", "ಆ" ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ನಮಗೆ ಆ ಕಷ್ಟ ಇಲ್ಲ. ಬಾಗಿಲ ಸಂದಿಗೆ ಬೆರಳು ಸಿಕ್ಕಿಸಿಕೊಂಡ ಕನ್ನಡಿಗ "ಅಪ್ಪಪ್ಪಾ" ಅಂತಲೇ ಕೂಗೋದು. ಈ ನಾಟಕ ಕನ್ನಡಕ್ಕೆ ಎಷ್ಟು ಹೊಂದುತ್ತದೆ ಅಂತ ನನಗೆ ಹೊಳೆದದ್ದು ಆ ಒಂದು ಸಾಲಿನಲ್ಲಿ.

ಇದರಲ್ಲಿ ಯಾರೂ ಸಾಯೋದಿಲ್ಲ. ಹೆಣ್ಣು ಪಾತ್ರ ಒಂದೂ ಇಲ್ಲ. ಎರಡನೆಯದು ಆಡಿಸುವವರಿಗೆ ತಲೆನೋವು, ಅರ್ಧ ತಂಡ ಸುಮ್ನೆ ಕೂರಬೇಕಾಗುತ್ತದೆ. ಕೊನೆಯಲ್ಲಿ ದೇವರಾದ ಹೆರಾಕ್ಲಿಸ್ ಮೇಲಿಂದ ಬಂದು ಗಂಟು ಬಿಡಿಸುತ್ತಾನೆ, ಅದು ಕೆಲವರಿಗೆ ಹಿಡಿಸೋದಿಲ್ಲ. ನನಗಂತೂ ಆ ಹಠವನ್ನು ಮನುಷ್ಯರ ಕೈಲಿ ಬಗ್ಗಿಸೋಕೆ ಆಗೋದೇ ಇಲ್ಲ ಅಂತ ಅನ್ನಿಸುತ್ತದೆ. ಮನೆಯಲ್ಲಿ ಬಹಳ ದಿನದ ಕಾಯಿಲೆಯವರನ್ನು ನೋಡಿಕೊಂಡವರು ಇದನ್ನು ಓದಿದರೆ ಬೇರೆಯೇ ನಾಟಕ ಕಾಣುತ್ತದೆ.

ಎರಡನೆಯದಾಗಿ: ದೊರೆ ಈಡಿಪಸ್

ಮೇಲಿನ ಎರಡರಲ್ಲಿ ಒಂದನ್ನು ಮುಗಿಸಿಕೊಂಡು ಇಲ್ಲಿಗೆ ಬನ್ನಿ. ಆಗ ಏನಾಗುತ್ತದೆ ಅನ್ನೋದಕ್ಕಿಂತ ಹೇಗಾಗುತ್ತದೆ ಅನ್ನೋದರ ಮೇಲೆ ಕಣ್ಣು ನಿಲ್ಲುತ್ತದೆ. ಅಥೆನ್ಸಿನ ಜನಕ್ಕೂ ಕತೆ ಮೊದಲೇ ಗೊತ್ತಿತ್ತು. ಅವರು ನೋಡಲು ಬಂದದ್ದು ಗಂಟು ಬಿಗಿಯುವ ಕೈಚಳಕವನ್ನು.

ಊರಿಗೆ ಪಿಡುಗು ಬಂದಿದೆ. ಹಿಂದಿನ ದೊರೆಯನ್ನು ಕೊಂದವನು ಸಿಕ್ಕರೆ ಪಿಡುಗು ಹೋಗುತ್ತದೆ. ಈಡಿಪಸ್ ಹುಡುಕಲು ಹೊರಡುತ್ತಾನೆ. ಅವನನ್ನು ಸಮಾಧಾನ ಮಾಡಲು ಬಂದ ಪ್ರತಿಯೊಬ್ಬರೂ ಹಗ್ಗವನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ಹೆಂಡತಿ ಜೊಕಾಸ್ಟಾ, ಈ ಭವಿಷ್ಯವೆಲ್ಲ ಸುಳ್ಳು ಅಂತ ಹೇಳಲು ಹೋಗಿ, ಹಳೆಯ ದೊರೆ ಸತ್ತದ್ದು ಮೂರು ದಾರಿ ಕೂಡುವ ಜಾಗದಲ್ಲಿ ಅಂತ ಬಾಯಿ ತಪ್ಪಿ ಅನ್ನುತ್ತಾಳೆ. ಅವಳು ಆ ಮಾತನ್ನು ದಾಟಿ ಮುಂದೆ ಹೋಗಿಬಿಟ್ಟಿರುತ್ತಾಳೆ. ಅಂಥದ್ದೇ ಜಾಗದಲ್ಲಿ ತಾನೊಬ್ಬನನ್ನು ಕೊಂದದ್ದು ನೆನಪಾಗಿ ಅವನು ಅಲ್ಲೇ ನಿಂತಿರುತ್ತಾನೆ. ಎರಡನೇ ಓದಿನಲ್ಲಿ ಈ ಜಾಗಕ್ಕೆ ಬಂದಾಗ ನನ್ನ ಮೈ ಜುಮ್ಮೆಂದಿತ್ತು.

ಮೂರು ಜನ ಅವನಿಗೆ ಸಾಕು ನಿಲ್ಲಿಸು ಅನ್ನುತ್ತಾರೆ. ಕುರುಡ ಕಣಿಗಾರ ಟೈರೀಸಿಯಸ್, ಜೊಕಾಸ್ಟಾ, ಕೊನೆಗೆ ಮುದಿ ಕುರುಬ. ಮೂವರಿಗೂ ಅವನು ಒಂದೇ ಉತ್ತರ ಕೊಡುತ್ತಾನೆ: ಗೊತ್ತಾಗಲೇಬೇಕು. ಫ್ರಾಯ್ಡ್‌ನನ್ನು ಪಕ್ಕಕ್ಕಿಟ್ಟು ಓದಿದರೆ ಇದು ಗೊತ್ತು ಮಾಡಿಕೊಳ್ಳುವ ಹಠದ ನಾಟಕ.

ಕಾವ್ಯಮೀಮಾಂಸೆ ಓದುವವರು, ಪರೀಕ್ಷೆಗೆ ಕೂರುವವರು ಇದನ್ನು ಬಿಡುವ ಹಾಗಿಲ್ಲ. ಅರಿಸ್ಟಾಟಲ್ ತನ್ನ ಪುಸ್ತಕದಲ್ಲಿ ಮತ್ತೆ ಮತ್ತೆ ಬೊಟ್ಟು ಮಾಡೋದು ಇದರ ಕಡೆಗೇ. ತಮಾಷೆ ಅಂದರೆ, ಇದು ಮೊದಲು ಆಡಿದಾಗ ಸಿಕ್ಕಿದ್ದು ಎರಡನೇ ಬಹುಮಾನ. ಗೆದ್ದವನು ಈಸ್ಕಿಲಸ್‌ನ ಸೋದರಳಿಯ ಫಿಲೊಕ್ಲಿಸ್. ಅವನ ಒಂದು ನಾಟಕವೂ ಉಳಿದಿಲ್ಲ. ಕನ್ನಡದಲ್ಲಿ ಇದಕ್ಕೂ ಲಂಕೇಶರ ಅನುವಾದ ಇದೆ. 1970ರ ದಶಕದ ಶುರುವಿನಲ್ಲಿ ಬಿ.ವಿ. ಕಾರಂತರು ಅದನ್ನು ಬೆಂಗಳೂರಿನ ಬಯಲು ರಂಗದಲ್ಲಿ ಆಡಿಸಿದ್ದನ್ನು ಹಳಬರು ಇನ್ನೂ ಹೇಳಿಕೊಳ್ಳುತ್ತಾರೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ದೊರೆ ಈಡಿಪಸ್, ಕೊಲೊನಸ್‌ನಲ್ಲಿ ಈಡಿಪಸ್, ಅಂತಿಗೊನೆ, ಈ ಮೂರೂ ಥೀಬ್ಸ್‌ನ ಈಡಿಪಸ್ ಮನೆಯ ಕತೆ (ಅಂತಿಗೊನೆ ಅವನ ಮಗಳು), ಅದಕ್ಕೇ ಒಟ್ಟಿಗೆ ಮಾರುತ್ತಾರೆ. ಹಾಗಾಗಿ ಭಾಗ ಒಂದು, ಎರಡು, ಮೂರು ಅಂತ ಜನ ತಿಳಿಯುತ್ತಾರೆ. ಅಲ್ಲ. ಅಂತಿಗೊನೆ ಬರೆದದ್ದು ಸುಮಾರು 441ರಲ್ಲಿ, ದೊರೆ ಈಡಿಪಸ್ ಸುಮಾರು 429ರಲ್ಲಿ, ಕೊಲೊನಸ್ ನಾಟಕ ಆಡಿದ್ದು 401ರಲ್ಲಿ. ನಡುವೆ ನಲವತ್ತು ವರ್ಷ. ಕ್ರಿಯಾನ್ ಒಂದರಲ್ಲಿ ಸಜ್ಜನ, ಒಂದರಲ್ಲಿ ಹೆಣ್ಣುಮಕ್ಕಳನ್ನು ಎಳೆದೊಯ್ಯುವ ನೀಚ, ಒಂದರಲ್ಲಿ ಪಟ್ಟು ಬಿಡದ ದೊರೆ. ಕತೆಯ ಕ್ರಮದಲ್ಲಿ ಓದಿದರೆ ಈ ಮನುಷ್ಯ ಹೀಗೇಕೆ ಬದಲಾದ ಅಂತ ತಲೆ ಕೆಡುತ್ತದೆ. ಬರೆದ ಕ್ರಮದಲ್ಲಿ ಓದಿದರೆ ನಾಟಕಕಾರ ಬೆಳೆದದ್ದು ಕಾಣುತ್ತದೆ. ನಾನು ಎರಡನೆಯದರ ಪರ.

ಮಹಾಭಾರತ ಬಲ್ಲವರಿಗೆ: ಏಜಾಕ್ಸ್

ಟ್ರಾಯ್ ಯುದ್ಧದಲ್ಲಿ ಗ್ರೀಕ್ ವೀರ ಅಕಿಲಿಸ್ ಸತ್ತ ಮೇಲೆ ಅವನ ಆಯುಧಗಳು ಒಡಿಸ್ಸಿಯಸ್‌ಗೆ ಹೋಗುತ್ತವೆ. ತನಗೆ ಬರಬೇಕಿತ್ತು ಅಂತ ಏಜಾಕ್ಸ್ ರಾತ್ರಿ ಕತ್ತಿ ಹಿಡಿದು ಹೊರಡುತ್ತಾನೆ, ಸೇನಾನಾಯಕರನ್ನು ನಿದ್ದೆಯಲ್ಲೇ ಮುಗಿಸಲು. ದೇವತೆ ಅಥೀನಾ ಅವನ ಬುದ್ಧಿ ಕೆಡಿಸುತ್ತಾಳೆ. ಅವನು ಕೊಚ್ಚಿದ್ದು ದನಕುರಿಗಳನ್ನು. ಬೆಳಗ್ಗೆ ಬುದ್ಧಿ ತಿಳಿಯುತ್ತದೆ.

ರಾತ್ರಿ, ಶಿಬಿರ, ನಿದ್ದೆಯಲ್ಲಿರುವ ವೈರಿಗಳು. ನಮಗೆ ತಕ್ಷಣ ನೆನಪಾಗುವವನು ಅಶ್ವತ್ಥಾಮ. ಬಿ.ಎಂ.ಶ್ರೀ ಅವರಿಗೂ ಹಾಗೇ ಹೊಳೆಯಿತು. ಈ ನಾಟಕವನ್ನೇ ಅಚ್ಚಾಗಿಟ್ಟುಕೊಂಡು ಅವರು 'ಅಶ್ವತ್ಥಾಮನ್' ಬರೆದರು. ಹಳಗನ್ನಡದ ಮಾತು ಕಷ್ಟವಾಗದವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬಹುದು. ಇಂಥ ಅವಕಾಶ ಉಳಿದ ಆರಕ್ಕೆ ಇಲ್ಲ.

ಕಷ್ಟ ಇರೋದು ಇದರ ಆಕಾರದಲ್ಲಿ. 1,420 ಸಾಲಿನ ನಾಟಕದಲ್ಲಿ ನಾಯಕ 865ನೇ ಸಾಲಿಗೇ ತನ್ನ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಉಳಿದದ್ದು ಹೆಣ ಹೂಳಬೇಕಾ ಬೇಡವಾ ಎಂಬ ಜಗಳ. ಕೊನೆಗೆ ಹೂಳಲೇಬೇಕು ಅಂತ ವಾದಿಸಿ ಗೆಲ್ಲುವವನು ಆ ಒಡಿಸ್ಸಿಯಸ್ಸೇ. ಅಮೆರಿಕದಲ್ಲಿ 'ಥಿಯೇಟರ್ ಆಫ್ ವಾರ್' ಎಂಬ ತಂಡ ಯುದ್ಧದಿಂದ ವಾಪಸಾದ ಸೈನಿಕರ ಮುಂದೆ ಇದನ್ನೂ ಫಿಲೊಕ್ಟೆಟಿಸ್ ನಾಟಕವನ್ನೂ ಓದುತ್ತದೆ. ಓದಿದ ಮೇಲೆ ಸೈನಿಕರು, ಅವರ ಹೆಂಡತಿಯರು ಎದ್ದು ಮಾತಾಡುತ್ತಾರೆ. ಅಷ್ಟು ಹತ್ತಿರಕ್ಕೆ ಹೋಗುವ ನಾಟಕ. ಅದಕ್ಕೇ ಹೇಳೋದು, ಮನಸ್ಸು ಸರಿಯಿಲ್ಲದ ದಿನಗಳಲ್ಲಿ, ಅದರಲ್ಲೂ ಒಬ್ಬರೇ ಇರುವಾಗ, ಇದನ್ನು ಪಕ್ಕಕ್ಕಿಡಿ. ಆಮೇಲೆ ಓದಿದರಾಯಿತು.

ಗ್ರೀಕಿನಲ್ಲಿ ಇವನ ಹೆಸರು 'ಅಯಾಸ್'. ಗ್ರೀಕರು ನೋವಿಗೆ ಕೂಗೋದು 'ಅಯಾಯ್'. ನನ್ನ ಹೆಸರಲ್ಲೇ ನನ್ನ ಗೋಳು ಇತ್ತಲ್ಲ ಅಂತ ಅವನೇ ಒಂದು ಕಡೆ ಹೇಳಿಕೊಳ್ಳುತ್ತಾನೆ. ಅಯ್ಯಯ್ಯೋ ಅನ್ನುವ ನಮಗೆ ಅಡಿಟಿಪ್ಪಣಿ ಬೇಕಾಗೋದಿಲ್ಲ.

ಉಳಿದ ಮೂರು

ಎಲೆಕ್ಟ್ರಾ ನಟಿಯರಿಗೆ. ಅಪ್ಪನನ್ನು ಕೊಂದ ಅಮ್ಮನ ಮನೆಯಲ್ಲೇ ವರ್ಷಗಟ್ಟಲೆ ಕುದಿಯುತ್ತಾ, ತಮ್ಮ ಬರುವುದನ್ನು ಕಾಯುವ ಹೆಣ್ಣು. ತಮ್ಮ ಸತ್ತ ಅಂತ ಸುಳ್ಳು ಸುದ್ದಿ ಬರುತ್ತದೆ. ಬೂದಿಯ ಪಾತ್ರೆಯನ್ನು ಎದೆಗೊತ್ತಿಕೊಂಡು ಅಳುತ್ತಾಳೆ. ಆ ಪಾತ್ರೆ ತಂದುಕೊಟ್ಟವನೇ ತಮ್ಮ, ಎದುರಿಗೇ ನಿಂತಿದ್ದಾನೆ. ಪೋಲಸ್ ಎಂಬ ಹಳೆಯ ಗ್ರೀಕ್ ನಟ, ಮಗನನ್ನು ಕಳಕೊಂಡ ಮೇಲೆ ಈ ಪಾತ್ರ ಮಾಡುವಾಗ ಆ ಮಗನ ಬೂದಿಯನ್ನೇ ವೇದಿಕೆಗೆ ತಂದು ಅತ್ತನಂತೆ. ರೋಮಿನ ಲೇಖಕ ಆಲಸ್ ಜೆಲಿಯಸ್ ಇದನ್ನು ಬರೆದಿಟ್ಟಿದ್ದಾನೆ. ಹೋಲಿಸಿ ಓದುವ ಚಟ ಇದ್ದವರಿಗೆ ಇನ್ನೊಂದು ಲಾಭ: ಇದೇ ಕತೆಯ ಮೇಲೆ ಈಸ್ಕಿಲಸ್, ಯುರಿಪಿಡೀಸ್ ಬರೆದ ನಾಟಕಗಳೂ ಉಳಿದಿವೆ. ಮೂವರೂ ಒಂದೇ ಕತೆ ಹೇಳಿದ್ದು ನಮಗೆ ಸಿಗೋದು ಇಲ್ಲಿ ಮಾತ್ರ.

ಟ್ರಾಕಿಸ್‌ನ ಹೆಂಗಸರು ಅತಿ ಚಿಕ್ಕದು, ಅತಿ ಕಡಿಮೆ ಓದಿಸಿಕೊಂಡದ್ದೂ ಹೌದು. ಗಂಡ ಹೆರಾಕ್ಲಿಸ್ ಹೊಸ ಹೆಣ್ಣನ್ನು ಮನೆಗೆ ಕಳಿಸಿದಾಗ ಡಿಯಾನಿರಾ ಅವನ ಒಲವು ವಾಪಸ್ ಪಡೆಯಲು ಒಂದು ನಿಲುವಂಗಿಗೆ ಮದ್ದು ಸವರಿ ಕಳಿಸುತ್ತಾಳೆ. ಮದ್ದು ಸವರಿದ ಉಣ್ಣೆಯ ತುಂಡನ್ನು ಬಿಸಿಲಿಗೆ ಎಸೆದಿದ್ದಳು. ತಿರುಗಿ ನೋಡಿದರೆ ಅದು ಮರದ ಹೊಟ್ಟಿನ ಹಾಗೆ ಪುಡಿಯಾಗಿ, ನೆಲದಿಂದ ನೊರೆ ಏಳುತ್ತಿರುತ್ತದೆ. ಅಷ್ಟರಲ್ಲಿ ನಿಲುವಂಗಿ ಹೋಗಿಯಾಗಿದೆ. ಏಳು ನಾಟಕದ ನಾಯಕರಲ್ಲಿ ಹಠ ಇಲ್ಲದ ಜೀವ ಇವಳೊಬ್ಬಳೇ, ಹಾಗಾಗಿ ನನ್ನ ಲೆಕ್ಕಾಚಾರಕ್ಕೆ ಸಿಗೋದಿಲ್ಲ. ಹಠ ಪೂರ್ತಿ ಗಂಡನ ಪಾಲಿಗೆ ಹೋಗಿದೆ. ಮೊದಲ ಅರ್ಧ ಅದ್ಭುತ. ಹೆರಾಕ್ಲಿಸ್ ಬಂದ ಮೇಲೆ ನನಗೆ ತಾಳ್ಮೆ ಕೆಡುತ್ತದೆ.

ಕೊಲೊನಸ್‌ನಲ್ಲಿ ಈಡಿಪಸ್ ಕೊನೆಗೆ ಇಟ್ಟುಕೊಳ್ಳಿ. ಅತಿ ಉದ್ದ, ನಿಧಾನ, ಘಟನೆ ಕಡಿಮೆ. ಕುರುಡ ಮುದುಕ ಈಡಿಪಸ್ ಮಗಳ ಕೈ ಹಿಡಿದು ಬಂದು ಒಂದು ತೋಪಿನಲ್ಲಿ ಕೂರುತ್ತಾನೆ, ಇಲ್ಲಿಂದ ಏಳೋದಿಲ್ಲ ಅನ್ನುತ್ತಾನೆ. ಅದು ಸೊಫೊಕ್ಲಿಸ್ ಹುಟ್ಟಿದ ಊರು. ಕೋಗಿಲೆಯಂಥ ಹಕ್ಕಿಗಳು, ಆಲಿವ್ ಮರ, ಕುದುರೆ, ಹೂ ಅಂತ ಮೇಳ ಆ ಊರನ್ನು ಹಾಡುತ್ತದೆ. ಅಪ್ಪನಿಗೆ ಅರಳುಮರಳು, ಆಸ್ತಿ ನೋಡಿಕೊಳ್ಳಲಾರ ಅಂತ ಮಕ್ಕಳು ದಾವೆ ಹಾಕಿದಾಗ, ಮುದುಕ ಕೋರ್ಟಿನಲ್ಲಿ ಈ ನಾಟಕದ ಸಾಲು ಓದಿ ಗೆದ್ದ ಎಂಬ ಕತೆ ಇದೆ. ನಾಟಕ ಆಡುವ ಹೊತ್ತಿಗೆ ಅವನು ಇರಲಿಲ್ಲ. ಮೊಮ್ಮಗ, ಅವನ ಹೆಸರೂ ಸೊಫೊಕ್ಲಿಸ್, ಆಡಿಸಿದ. ಇಪ್ಪತ್ತರ ವಯಸ್ಸಿನವರಿಗೆ ಇದನ್ನು ಕೊಡೋದು ನೀರಿಳಿಯದ ಗಂಟಲಿಗೆ ಕಡುಬು ತುರುಕಿದ ಹಾಗೆ. ಐವತ್ತು ದಾಟಿದವರು ನನ್ನ ಮಾತು ಕೇಳದೆ ಇದರಿಂದಲೇ ಶುರು ಮಾಡಿದರೂ ತಪ್ಪಿಲ್ಲ.

ಯಾವ ಪುಸ್ತಕ, ಎಷ್ಟು ಖರ್ಚು

ನನ್ನ ಮೊದಲ ಸೊಫೊಕ್ಲಿಸ್ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಸಿಕ್ಕಿದ್ದ. ರಟ್ಟು ಕಿತ್ತಿತ್ತು, ಬೆಲೆ ಅಗ್ಗ, ಇಂಗ್ಲಿಷ್ ನೂರು ವರ್ಷ ಹಳೆಯದು. 'ದೌ', 'ದೀ' ಅಂತ ಹನ್ನೆರಡು ಪುಟ ಓದಿ ಬಿಟ್ಟೆ. ಎರಡು ವರ್ಷ ಆ ಪುಸ್ತಕ ಟಿವಿ ಸ್ಟ್ಯಾಂಡ್ ಅಲುಗಾಡದ ಹಾಗೆ ಕಾಲಿನ ಕೆಳಗಿತ್ತು. ತಪ್ಪು ನಾಟಕದ್ದಲ್ಲ, ಅನುವಾದದ್ದು.

ಕನ್ನಡವೇ ಸಾಕು ಅನ್ನುವವರು ಲಂಕೇಶರ ಎರಡರಿಂದ ಶುರು ಮಾಡಿ. ಆಡು ಮಾತಿಗೆ ಹತ್ತಿರ, ಬಾಯಲ್ಲಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಓದುವವರಿಗೆ ಪುಕ್ಕಟೆ ಬೇಕಾದರೆ ರಿಚರ್ಡ್ ಜೆಬ್, ಎಫ್. ಸ್ಟೋರ್ ಇಬ್ಬರ ಅನುವಾದಗಳೂ ಇಂಟರ್‌ನೆಟ್ಟಿನಲ್ಲಿ ಇವೆ. ಜೆಬ್ ಗದ್ಯ, ನಿಖರ, ಆದರೆ ಹಳೆಯ ಭಾಷೆ. ಸಾಲಿನ ಅರ್ಥ ನೋಡಲು ಒಳ್ಳೆಯದು, ಸುಮ್ನೆ ಓದಿಕೊಂಡು ಹೋಗಲು ಕಷ್ಟ. ಒಂದು ಪುಸ್ತಕಕ್ಕೆ ದುಡ್ಡು ಹಾಕೋದಾದರೆ ಪೆಂಗ್ವಿನ್‌ನವರ ರಾಬರ್ಟ್ ಫೇಗಲ್ಸ್ ತಗೊಳ್ಳಿ. ಥೀಬ್ಸ್‌ನ ಮೂರೂ ನಾಟಕ ಅದರಲ್ಲಿವೆ, ಅದೂ ಬರೆದ ಕ್ರಮದಲ್ಲಿ. ಬರ್ನಾರ್ಡ್ ನಾಕ್ಸ್ ಬರೆದ ಮುನ್ನುಡಿಗಳೇ ಅರ್ಧ ದುಡ್ಡಿಗೆ ಸಮ. ನಾಟಕ ಓದಿದ ಮೇಲೆ ಅವನ್ನು ಓದಿ. ಉಳಿದ ನಾಲ್ಕಕ್ಕೆ ಅದೇ ಪೆಂಗ್ವಿನ್‌ನವರ ಇನ್ನೊಂದು ಪುಸ್ತಕ ಇದೆ, ಡೇವಿಡ್ ರೇಬರ್ನ್ ಅನುವಾದಿಸಿದ್ದು. ಎರಡು ಪುಸ್ತಕದಲ್ಲಿ ಏಳೂ ಮುಗಿಯಿತು.

ಹ್ಯೂ ಲಾಯ್ಡ್-ಜೋನ್ಸ್ ಮಾಡಿದ ಲೋಯೆಬ್ ಪುಸ್ತಕಗಳಲ್ಲಿ ಎಡಕ್ಕೆ ಗ್ರೀಕ್, ಬಲಕ್ಕೆ ಇಂಗ್ಲಿಷ್. ದುಬಾರಿ. ಗ್ರೀಕ್ ಅಕ್ಷರ ಕಲಿಯುವ ಉಮೇದು ಇಲ್ಲದಿದ್ದರೆ ಬೇಡ. ಅದರ ಮೂರನೇ ಸಂಪುಟದಲ್ಲಿ ಬರೀ ಕಳೆದುಹೋದ ನಾಟಕಗಳ ಚೂರುಗಳು. ಈಜಿಪ್ಟಿನ ಆಕ್ಸಿರಿಂಕಸ್‌ನ ಹಳೆಯ ಕಸದ ರಾಶಿಯಲ್ಲಿ ಸಿಕ್ಕಿ, 1912ರಲ್ಲಿ ಅಚ್ಚಾದ, ಸೊಫೊಕ್ಲಿಸ್‌ನದೇ ಒಂದು ನಗೆನಾಟಕದ ಸುಮಾರು ನಾನೂರು ಸಾಲು ಅದರಲ್ಲಿದೆ. ಕೂಸು ಹರ್ಮಿಸ್ ಅಪೊಲೊ ದೇವರ ದನ ಕದ್ದಿದ್ದಾನೆ. ಹಿಡಿಯಲು ಬಂದವರು ನೆಲದೊಳಗಿಂದ ಬರುವ ಒಂದು ವಿಚಿತ್ರ ಸದ್ದಿಗೆ ಹೆದರಿ ನೆಲಕ್ಕೆ ಬೀಳುತ್ತಾರೆ. ಅದು ಆ ಮಗು ಆಮೆಯ ಚಿಪ್ಪಿನಲ್ಲಿ ಆಗ ತಾನೆ ಮಾಡಿಕೊಂಡ ವೀಣೆ. ಕೊನೆಯ ಪುಟಗಳು ಹರಿದುಹೋಗಿವೆ, ದನ ಸಿಕ್ಕಿತಾ ಅಂತ ಕೇಳಬೇಡಿ.